ಮೊದಲು ನಿನ್ನ ಸೆಟ್ ನೋಡು

ನವೆಂಬರ್ 3, ಸೋಮವಾರ

ಬೆಳಿಗ್ಗೆ ಕಶ್ಯಪ ಸಾಹೇಬರ ಫೋನ್. ಎಪ್ಪತ್ತು ದಾಟಿದೆ, ನೇರೂಳಿನ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕಿಕೊಂಡಿದ್ದಾರೆ, ಆದರೂ ಸ್ವರ ಮಾತ್ರ ಇನ್ನೂ ಮೇಜರನದ್ದೇ.

"ದೇಜಪ್ಪ, ನಮ್ಮ ಸಿಗ್ನಲ್ ಕಂಪನಿ ಶಾಂತಿಪಡೆಯಾಗಿ ಸೋಮಾಲಿಯಾಕ್ಕೆ ಹೋಗಿ ಬಂದದ್ದನ್ನು ಯಾರೂ ಬರೆದಿಟ್ಟಿಲ್ಲ. ಜನವರಿಯಲ್ಲಿ ಉಳಿದವರೆಲ್ಲ ವಾಶಿಯಲ್ಲಿ ಸೇರುತ್ತೇವೆ. ಅಷ್ಟರೊಳಗೆ ಕಂಪನಿಯ ಇತಿಹಾಸ ಒಂದು ಪುಸ್ತಕ ಆಗಬೇಕು. ಬರೆಯುವವನು ನೀನೇ."

ನಾನು ಮೋರ್ಸ್ ಕೋಡ್ ಬರೆದವನು ಸರ್, ಪುಸ್ತಕ ಎಲ್ಲಿಂದ ಬರೆಯಲಿ ಅಂದೆ. ಫೋನ್ ಇಟ್ಟುಬಿಟ್ಟರು. ಆರ್ಡರ್ ಅಂದರೆ ಆರ್ಡರ್.

ಹೆಂಡತಿ ಜಲಜಾಕ್ಷಿ ಒಳಗಿಂದಲೇ ನಕ್ಕಳು. "ಮೂವತ್ತು ವರ್ಷದಿಂದ ಆ ಸೋಮಾಲಿಯಾ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ ಮಾರಾಯ್ರೆ. ನಾನು ಹೇಳ್ತೇನೆ, ನೀವು ಬರ್ಕೊಳ್ಳಿ." ನಗಲಿ. ಕೈ ಸಲೀಸಾಗಲೆಂದು ಈ ದಿನಚರಿ ಸುರು ಮಾಡಿದ್ದೇನೆ. ಇದು ನನಗೆ ಮಾತ್ರ.

ನವೆಂಬರ್ 9, ಭಾನುವಾರ

ಚಳಿ ಸುರುವಾಗಿದೆ. ಡೊಂಬಿವಲಿಯ ಈ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಳಿಗಾಲವೇ ಕೆಟ್ಟದ್ದು. ಗಾಳಿ ಅಲ್ಲಾಡುವುದಿಲ್ಲ, ಫ್ಯಾಕ್ಟರಿಗಳಿಂದ ಹೊರಟದ್ದೆಲ್ಲ ನೆಲ ಹಿಡಿದು ಕೂರುತ್ತದೆ. ನಮ್ಮ ನವದುರ್ಗಾ ಹೌಸಿಂಗ್ ಸೊಸೈಟಿಯ ಹಿಂದೆಯೇ ನಾಲಾ, ಕೊಳಚೆ ಕಾಲುವೆ. ಯಾವ್ಯಾವುದೋ ಟ್ಯಾಂಕರಿನವರು ಕತ್ತಲೆಗೆ ಬಂದು ಅದರಲ್ಲಿ ಆಸಿಡ್ ಸುರಿದು ಓಡುತ್ತಾರೆ. ಕೊಳೆತ ಮೊಟ್ಟೆಯ ನಾತ.

ಹೋದ ವರ್ಷ ಆ ಕಡೆಯ ಫ್ಯಾಕ್ಟರಿ ಸಿಡಿದು ನಮ್ಮ ಕಿಟಕಿ ಗಾಜೆಲ್ಲ ಪುಡಿಯಾದ ಮೇಲೆ ಸೊಸೈಟಿಯವರು ಸಭೆ ಸೇರಿ ಈ ಕೆಲಸ ನನಗೆ ಒಪ್ಪಿಸಿದರು. ದಿನಾ ಬೆಳಿಗ್ಗೆ, ಸಂಜೆ ಟೆರೇಸಿಗೆ ಹೋಗಿ ಗಾಳಿ ಮೂಸುವುದು. ಸರಿ ಇದ್ದರೆ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ "ಆಲ್ ಓಕೆ" ಎಂದು ಹಾಕುವುದು. ಆಮೇಲೆಯೇ ಹೆಂಗಸರು ಕಿಟಕಿ ತೆರೆಯುವುದು, ಮಕ್ಕಳು ಕೆಳಗಿಳಿಯುವುದು. ಸರಿ ಇಲ್ಲದಿದ್ದರೆ ನಾನು ಮೇಲಿಂದ ಕೂಗಬೇಕು, ಗೇಟಿನ ಪಕ್ಕ ಕಟ್ಟಿದ ಗಂಟೆಯನ್ನು ಶಂಕ್ರೆಪ್ಪ ಹೊಡೆಯಬೇಕು. ಸೆಕ್ರೆಟರಿ ಮ್ಹಾತ್ರೆ, "ಆರ್ಮಿವಾಲಾ ಆಹೇ, ಚಿಂತಾ ನಾಹಿ," ಅಂದಿದ್ದ. ಇಲ್ಲಿಯವರೆಗೆ ಒಂದು ಸಲವೂ ತಪ್ಪಿಸಿಲ್ಲ.

ಶಂಕ್ರೆಪ್ಪ ನಮ್ಮ ವಾಚ್‌ಮನ್. ಕಲಬುರಗಿ ಕಡೆಯವನು. ಅವನೂ ಹೆಂಡತಿ ಸತ್ಯಮ್ಮನೂ ಗೇಟಿನ ಪಕ್ಕದ ಕೋಣೆಯಲ್ಲಿರುತ್ತಾರೆ. ಕೋಣೆಯ ಹಿಂಗೋಡೆಗೆ ತಾಗಿಯೇ ನಾಲಾ. ಒಳ್ಳೆಯ ಮನುಷ್ಯ. ನನ್ನನ್ನು ಕಂಡರೆ ಸೆಲ್ಯೂಟ್ ಹೊಡೆಯುತ್ತಾನೆ, ಅದೂ ಎಡಗೈಯಲ್ಲಿ!

ನವೆಂಬರ್ 15, ಶನಿವಾರ

ಒಂದು ವಾರದಿಂದ ನೆಗಡಿ ಇತ್ತು, ಇವತ್ತು ಬಿಟ್ಟಿದೆ. ಕಾಫಿಪುಡಿ ಬದಲಿಸಬೇಕು. ಬರೀ ಚಿಕೋರಿ, ಬಿಸಿನೀರು ಕುಡಿದ ಹಾಗೆ. ಜಲಜಾಕ್ಷಿ ಅದೇ ಅಂಗಡಿ, ಅದೇ ಪುಡಿ ಅನ್ನುತ್ತಾಳೆ. ಈಗಿನ ಅಂಗಡಿಯವರನ್ನು ನಂಬುವುದುಂಟೆ?

ಗಾಳಿ ಚೆನ್ನಾಗಿದೆ. ಆಲ್ ಓಕೆ.

ನವೆಂಬರ್ 20, ಗುರುವಾರ

ಇವತ್ತು ಇತಿಹಾಸದಲ್ಲಿ ಬಾವಿ ಪೋಸ್ಟಿನ ಅಧ್ಯಾಯ ಬರೆದೆ.

ಸಮುದ್ರದಂಡೆಯ ಊರಿನಲ್ಲಿ ನಮ್ಮ ಕಂಟ್ರೋಲ್, ಅಂದರೆ ಮುಖ್ಯ ವೈರ್‌ಲೆಸ್ ಕೇಂದ್ರ. ಒಳನಾಡಿನ ರಸ್ತೆಯುದ್ದಕ್ಕೂ ಸಣ್ಣ ಸಣ್ಣ ಪೋಸ್ಟುಗಳು. ಎಲ್ಲಕ್ಕಿಂತ ದೂರದ್ದು ಒಂದು ಬಾವಿಯ ಹತ್ತಿರ. ಅಲ್ಲಿ ರಾಯಚೂರಿನ ಯಂಕಪ್ಪ. ಗಂಟೆಗೊಮ್ಮೆ ನಾವು ಕರೆಯಬೇಕು, ಅವನು "ಆಲ್ ಓಕೆ" ಅನ್ನಬೇಕು. ಅದರ ಕೊನೆಗೆ ಅವನದೊಂದು "ಹೂಂ ರೀ" ಇರುತ್ತಿತ್ತು. ಮಿಲಿಟರಿಯಲ್ಲಿ ಹಾಗೆಲ್ಲ ಮಾತಾಡಬಾರದು, ಆದರೆ ಕಶ್ಯಪ ಸಾಹೇಬರೂ ಅವನಿಗೆ ಏನೂ ಅನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾವಿ ಪೋಸ್ಟಿನಿಂದ ಉತ್ತರವಿಲ್ಲ. ಕಂಟ್ರೋಲಿನಲ್ಲಿ ಕೂತಿದ್ದ ನಾಯಕ್, ಯಂಕಪ್ಪನ ಬ್ಯಾಟರಿ ಇಳಿದಿರಬೇಕು ಎಂದುಕೊಂಡು ಚಾ ಕುಡಿಯುತ್ತಾ ಕೂತ. ಸಂಜೆ ಡ್ಯೂಟಿಗೆ ನಾನು ಬಂದೆ. ಹೆಡ್‌ಫೋನ್ ಕಿವಿಗಿಟ್ಟೆ. ಸೆಟ್ ಅಂದರೆ, ವೈರ್‌ಲೆಸ್ ಯಂತ್ರ, ಯಾರೂ ಮಾತಾಡದಿದ್ದರೂ ಗರಗರ ಅನ್ನುತ್ತಲೇ ಇರುತ್ತದೆ. ಅವತ್ತು ಆ ಗರಗರವೂ ಇಲ್ಲ. ಅಷ್ಟು ಶುಭ್ರ. ಅಷ್ಟು ಶುಭ್ರ ಇರಬಾರದು. ಎದ್ದು ಹೊರಗೆ ಹೋಗಿ ನೋಡಿದರೆ ಒಂಟೆಯೊಂದು ಕಾಲಿಗೆ ಸಿಕ್ಕಿಸಿಕೊಂಡು ನಮ್ಮ ಆಂಟೆನಾದ ತಂತಿಯನ್ನೇ ಕಿತ್ತು ಹಾಕಿತ್ತು.

ಸತ್ತದ್ದು ಅವನ ಸೆಟ್ ಅಲ್ಲ, ನಮ್ಮದು. ತಂತಿ ಸೇರಿಸಿ ಕೂಗಿದೆ, ಕೂಗಿದೆ. ಆಗ ನಿಜವಾಗಿಯೂ ಉತ್ತರವಿರಲಿಲ್ಲ. ಬಂದೂಕಿನವರು ಸುತ್ತುವರಿದಾಗಿನಿಂದ ಯಂಕಪ್ಪ ಇಡೀ ಮಧ್ಯಾಹ್ನ ನಮ್ಮನ್ನು ಕರೆದಿದ್ದನಂತೆ. ಬದುಕಿ ಬಂದ ಒಬ್ಬ ಹೇಳಿದ. ನಮ್ಮ ಲಾರಿಗಳು ತಲುಪಿದಾಗ ರಿಸೀವರ್ ಅವನ ಕೈಯಲ್ಲೇ ಇತ್ತು.

ಆವತ್ತಿನಿಂದ ನಮ್ಮ ಕಂಪನಿಯಲ್ಲಿ ಒಂದೇ ಪಾಠ. ಎದುರಿನವನು ಸುಮ್ಮನಾದರೆ ಮೊದಲು ನಿನ್ನ ಸೆಟ್ ನೋಡು. ಹೊಸ ಹುಡುಗರಿಗೆಲ್ಲ ಈ ಪಾಠ ಹೇಳಿದವನು ನಾನೇ, ಆ ತಂತಿ ಕಂಡುಹಿಡಿದವನು ನಾನೇ ಆದ್ದರಿಂದ.

ಅಡುಗೆಮನೆಯಿಂದ ಜಲಜಾಕ್ಷಿ ಓಡಿ ಬಂದು ತುಳುವಿನಲ್ಲೇ ಬೈದಳು. ಆಮೇಲೆ ಕನ್ನಡದಲ್ಲೂ. "ಹಾಲು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ! ಪಕ್ಕದ ಕೋಣೆಯಲ್ಲೇ ಕೂತಿದ್ದೀರಲ್ಲ ಮಾರಾಯ್ರೆ, ಗೊತ್ತಾಗ್ಲಿಲ್ವಾ?" ಬರೆಯುವವನಿಗೆ ಹಾಲು ಕಾಯಲು ಹೇಳಿ ತಾನು ಬಟ್ಟೆ ಒಣಗಿಸಲು ಹೋದರೆ ಇನ್ನೇನಾಗುತ್ತದೆ?

ನವೆಂಬರ್ 27, ಗುರುವಾರ

ಬಂಗುಡೆ ತಂದಿದ್ದೆ. ಒಂದಿಷ್ಟೂ ವಾಸನೆಯಿಲ್ಲದ ಮೀನು, ತಾಜಾ ಮಾಲು. ಜಲಜಾಕ್ಷಿ ಚೀಲ ತೆರೆದವಳೇ ಮೂಗಿಗೆ ಸೆರಗು ಹಿಡಿದು ಸೀದಾ ಕಸದ ಡಬ್ಬಿಗೆ ಹಾಕಿದಳು. "ಇದು ಮೊನ್ನೆದ್ದೋ ಆಚೆ ಮೊನ್ನೆದ್ದೋ. ನಿಮಗೆ ಎಂತ ಆಗಿದೆ?" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಂಡ ಅಂತೆ ನಾನು. ಅವಳಿಗೆ ಮೀನು ತರುವುದು ನಾನು ಅನ್ನುವುದೇ ಸಂಕಟ.

ಅದರ ಬೆನ್ನಿಗೆ ದೊಡ್ಡ ಜಗಳ. ನಮ್ಮ ಮಗಳು ಶರ್ಮಿಳಾಳಿಗೆ ದಿನ ತುಂಬುತ್ತಿದೆ. ಹೆತ್ತ ಮೇಲೆ ಮಗಳು ತವರಿಗೆ ಬರಬೇಕು, ಬಾಣಂತನ ಇಲ್ಲೇ ಆಗಬೇಕು. ಅದು ಪದ್ಧತಿ. ಜಲಜಾಕ್ಷಿ ಒಪ್ಪುವುದಿಲ್ಲ. ಠಾಣೆ ಊರಿಗೆ ತಾನೇ ಹೋಗಿ ಅಲ್ಲಿನ ವರ್ತಕ ನಗರದ ಅಳಿಯನ ಮನೆಯಲ್ಲೇ ಬಾಣಂತನ ಮಾಡುತ್ತಾಳಂತೆ.

"ಈ ನಾತದಲ್ಲಿ ಎಳೆಗೂಸನ್ನು ತಂದು ಮಲಗಿಸುವುದಾ? ನನ್ನಿಂದ ಆಗ್ಲಿಕ್ಕಿಲ್ಲ."

"ಯಾವ ನಾತ? ಎರಡು ವಾರದಿಂದ ಎಲ್ಲಿ ಉಂಟು ನಾತ?"

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿದಳು.

ನನಗೆ ಬೇಸರವಾಗಿದೆ. ನಿವೃತ್ತಿಯ ಗಂಟನ್ನೆಲ್ಲ ಹಾಕಿ ತೆಗೆದುಕೊಂಡ ಮನೆ ಇದು. ಮೊಮ್ಮಗು ಮೊದಲು ಮಲಗುವ ತವರುಮನೆ ಇದೇ ಆಗಬೇಕು.

ಡಿಸೆಂಬರ್ 2, ಮಂಗಳವಾರ

ಜಲಜಾಕ್ಷಿ ಠಾಣೆಗೆ ಹೊರಟಳು. ಹೊರಡುವ ಮುಂಚೆ ತಲೆಗೆ ಮಲ್ಲಿಗೆ ಮುಡಿದು ನನ್ನ ಹತ್ತಿರ ಬಂದು ನಿಂತಳು. ಮದುವೆಯಾದ ಹೊಸದರಲ್ಲಿ ಹಾಗೆ ನಿಲ್ಲುತ್ತಿದ್ದಳು.

"ಊರಿಂದ ಬಂದ ಮಲ್ಲಿಗೆ. ಪರಿಮಳ ಬಂತಾ ನಿಮಗೆ?"

ಲಾರಿ, ಬಸ್ಸು ಹತ್ತಿ ಬಂದ ಹೂವಿನಲ್ಲಿ ಪರಿಮಳ ಎಲ್ಲಿಂದ ಉಳಿಯಬೇಕು? ಆದರೂ ಹೊರಟು ನಿಂತವಳ ಮನಸ್ಸು ಯಾಕೆ ನೋಯಿಸುವುದು. ಬಂತು ಮಾರಾಯ್ತಿ, ಒಳ್ಳೆ ಬಂತು ಅಂದೆ. ಅವಳ ಮುಖ ಹಗುರವಾಯಿತು. "ಹಾಗಾದ್ರೆ ನಾನೇ ಸುಮ್ಮನೆ ಹೆದರಿದ್ದೆ," ಅಂದಳು. ಯಾಕೆ ಹೆದರಿದ್ದೆ ಅಂತ ಕೇಳುವಷ್ಟರಲ್ಲಿ ರಿಕ್ಷಾ ಬಂತು.

ಅವಳಿಗೊಂದು ಅಭ್ಯಾಸ ಉಂಟು. ನಾನು ಟೆರೇಸಿಗೆ ಹೊರಟಾಗೆಲ್ಲ ಕಿಟಕಿಗೆ ಮೂಗು ಕೊಟ್ಟು, ಇವತ್ತು ಪರವಾಗಿಲ್ಲ, ಇವತ್ತು ಸ್ವಲ್ಪ ಜಾಸ್ತಿ ಅಂತ ತಾನೇ ರಿಪೋರ್ಟ್ ಕೊಡುವುದು. ಇನ್ನು ನನ್ನ ಡ್ಯೂಟಿ ನನಗೆ. ಮನೆ ಮಾತ್ರ ಬಿಕೋ ಅನ್ನುತ್ತದೆ.

ಡಿಸೆಂಬರ್ 6, ಶನಿವಾರ

ಹೆಣ್ಣು ಮಗು! ಠಾಣೆಗೆ ಹೋಗಿ ಬಂದೆ. ನನ್ನ ಕೈಗೆ ಕೊಟ್ಟರು. ಬೆಕ್ಕಿನ ಮರಿಯಷ್ಟು ಇದೆ. ತಲೆ ಮೂಸಿದೆ. ಎಳೆಮಗುವಿನ ತಲೆಗೆ ಒಂದು ವಾಸನೆ ಉಂಟು, ಶರ್ಮಿಳಾ ಹುಟ್ಟಿದಾಗ ಸೋಮಾಲಿಯಾಕ್ಕೆ ಹೋಗುವ ಮುಂಚೆ ಅದನ್ನೇ ಎದೆ ತುಂಬ ತೆಗೆದುಕೊಂಡು ಹೋಗಿದ್ದೆ. ಈ ಆಸ್ಪತ್ರೆಯವರು ಎಂಥದೋ ಸಾಬೂನು ಹಾಕಿ ಅದನ್ನೂ ತೊಳೆದುಬಿಟ್ಟಿದ್ದಾರೆ.

ಬಸ್ಸಿನಲ್ಲಿ ಕಣ್ಣೀರು ಬಂತು. ಸಂತೋಷಕ್ಕೇ ಇರಬೇಕು.

ಡಿಸೆಂಬರ್ 13, ಶನಿವಾರ

ಇವತ್ತು ಕೋಪ ನೆತ್ತಿಗೇರಿತು. ಸಂಜೆ ಆಲ್ ಓಕೆ ಹಾಕಿ ಚಾ ಕುಡಿಯುತ್ತಿದ್ದೇನೆ, ಗಂಟೆ ಢಣಢಣ ಹೊಡೆದುಕೊಂಡಿತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಓಡಿದರು. ಕೆಳಗೆ ಹೋದರೆ ಶಂಕ್ರೆಪ್ಪ ಹಗ್ಗ ಹಿಡಿದು ನಿಂತಿದ್ದಾನೆ, ಸತ್ಯಮ್ಮ ಗೋಡೆಗೆ ಒರಗಿ ವಾಂತಿ ಮಾಡುತ್ತಿದ್ದಾಳೆ.

"ಸಾಹೇಬ್ರ, ಭಾಳ ನಾರಲತ್ತದ್ರಿ. ಅಕಿಗಿ ತಲಿ ಸುತ್ತಲತ್ತದ. ಅಮ್ಮಾವ್ರು ಹೋಗಾಗ ಹೇಳಿದ್ರು, ವಾಸನಿ ಬಂದ್ರ ಯಾರಿಗೂ ಕೇಳಬ್ಯಾಡ, ಗಂಟಿ ಹೊಡಿ ಅಂತ."

ಅಮ್ಮಾವ್ರು! ಸೊಸೈಟಿಯ ಡ್ಯೂಟಿ ನನ್ನದೋ ಅವಳದ್ದೋ? ಅಲ್ಲೇ ನಿಂತು ಎದೆ ತುಂಬ ಗಾಳಿ ಎಳೆದುಕೊಂಡೆ. ಏನೂ ಇಲ್ಲ. ನಾಲ್ಕು ಜನರೆದುರು ಅದನ್ನೇ ಹೇಳಿದೆ. ಮ್ಹಾತ್ರೆಯ ಹೆಂಡತಿ "ಥೋಡಾ ಯೇತೋಯ್ ನಾ?", ಸ್ವಲ್ಪ ಬರ್ತಾ ಉಂಟಲ್ಲ, ಎಂದು ರಾಗ ಎಳೆದಳು. ನಾನು ನೋಡಿದ ಮೇಲೆ ಸುಮ್ಮನಾದಳು.

ಶಂಕ್ರೆಪ್ಪ ತಲೆ ತಗ್ಗಿಸಿದ. "ನೀವ ಇಲ್ಲಂದ್ರ ಇಲ್ರಿ ಸಾಹೇಬ್ರ. ನೀವು ಮಿಲ್ಟ್ರಿ ಮಂದಿ. ನಮಗೇನ್ ತಿಳೀತದ."

ಪಾಪ ಅನ್ನಿಸಿತು. ಆದರೆ ಶಿಸ್ತು ಶಿಸ್ತೇ. ಆರ್ಡರ್ ಇಲ್ಲದೆ ಹೊರಟ ಒಂದು ಸುಳ್ಳು ಸಂದೇಶ ಇಡೀ ಕಂಪನಿಯನ್ನು ಕೊಲ್ಲಬಹುದು. ಗಂಟೆಯ ಹಗ್ಗ ಬಿಚ್ಚಿ ಮನೆಗೆ ತಂದಿಟ್ಟಿದ್ದೇನೆ. ಬೇಕಾದಾಗ ನಾನೇ ಕಟ್ಟುತ್ತೇನೆ.

ಸತ್ಯಮ್ಮನಿಗೆ ಲಿಂಬೆ ಶರಬತ್ತು ಮಾಡಿಸಿ ಕುಡಿಸಲು ಹೇಳಿದೆ. ಬಿಸಿಲಿಗೆ ಪಿತ್ತ ಆಗಿರಬೇಕು.

ಡಿಸೆಂಬರ್ 17, ಬುಧವಾರ

ಠಾಣೆಯಲ್ಲಿ ನಾಮಕರಣ. ಅಭಿಜ್ಞಾ ಎಂದು ಹೆಸರು. ಧೂಪ ಹಾಕಿದ್ದರು, ಎಲ್ಲರೂ ಕೆಮ್ಮಿ ಕಣ್ಣು ಒರೆಸಿಕೊಂಡರು. ಬರೀ ಹೊಗೆ, ಪರಿಮಳ ಒಂದಿಷ್ಟಿಲ್ಲ, ಅಗ್ಗದ ಮಾಲು. ಅಳಿಯ ರಿತೇಶ ಇಲ್ಲೇ ಹುಟ್ಟಿ ಬೆಳೆದವನು, ಅವನಿಗೆ ಧೂಪ ಯಾವುದು ಸೊಳ್ಳೆ ಕಾಯಿಲ್ ಯಾವುದು ಗೊತ್ತಿಲ್ಲ.

ಊಟದ ಮೇಲೆ ನಾನೇ ವಿಷಯ ತೆಗೆದೆ. ಎರಡು ಕೋಣೆಯ ಮನೆಯಲ್ಲಿ ರಿತೇಶನ ತಂದೆ ತಾಯಿಯೂ ಇದ್ದಾರೆ, ಜಲಜಾಕ್ಷಿ ಅಡುಗೆಮನೆಯಲ್ಲಿ ಮಲಗುತ್ತಾಳೆ. ನಮ್ಮಲ್ಲಿ ಇಡೀ ಮನೆ ಖಾಲಿ ಬಿದ್ದಿದೆ.

ರಿತೇಶ ಕೇಳಿದ, "ಪಪ್ಪಾ, ಉಧರ್ ಗ್ಯಾಸ್ ಕಾ ಪ್ರಾಬ್ಲಮ್ ಹೈ ನಾ?"

ನಾನು ಫೋನ್ ತೆಗೆದು ಗ್ರೂಪ್ ತೋರಿಸಿದೆ. ನವೆಂಬರ್ ಮಧ್ಯದಿಂದ ಎರಡು ಹೊತ್ತೂ ಆಲ್ ಓಕೆ, ಆಲ್ ಓಕೆ, ಆಲ್ ಓಕೆ. ಅವನು ಬೆರಳಲ್ಲಿ ಮೇಲೆ ಮೇಲೆ ಸರಿಸಿ ನೋಡಿ ತಲೆದೂಗಿದ. ಶರ್ಮಿಳಾ ನನ್ನ ಭುಜಕ್ಕೆ ಒರಗಿ, "ಪಪ್ಪ ಇದ್ರೆ ನನಗೆ ಹೆದ್ರಿಕೆ ಇಲ್ಲಮ್ಮ," ಅಂದಳು. ಆ ಮಾತಿಗೆ ನನ್ನ ಆಯುಷ್ಯ ಹತ್ತು ವರ್ಷ ಜಾಸ್ತಿಯಾಯಿತು.

ಜಲಜಾಕ್ಷಿ ಮಾತ್ರ ನನ್ನನ್ನು ಬಾಗಿಲ ಹೊರಗೆ ಕರೆದು ಕೇಳಿದಳು. "ಅವತ್ತು ಮಲ್ಲಿಗೆ ಪರಿಮಳ ಬಂದದ್ದು ಹೌದಲ್ವಾ? ಸತ್ಯ ಹೇಳಿ."

"ಎಷ್ಟು ಸಲ ಹೇಳುವುದು ಮಾರಾಯ್ತಿ? ಬಂತು."

28ರ ಭಾನುವಾರ ಕರೆದುಕೊಂಡು ಬರುತ್ತಾರೆ.

ಡಿಸೆಂಬರ್ 22, ಸೋಮವಾರ

ಇತಿಹಾಸ ಮುಗಿಯಿತು. ಕಶ್ಯಪ ಸಾಹೇಬರಿಗೆ ಫೋನಿನಲ್ಲೇ ಬಾವಿ ಪೋಸ್ಟ್ ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ಆಮೇಲೆ, "ಯಂಕಪ್ಪ ಹೂಂ ರೀ ಅಂದದ್ದು ಕೇಳಿದ ಹಾಗಾಯಿತು ದೇಜಪ್ಪ," ಅಂದರು. ಪುಸ್ತಕದ ಹೆಸರು "ಮೊದಲು ನಿನ್ನ ಸೆಟ್ ನೋಡು" ಎಂದೇ ಇಡೋಣ ಎಂದರು.

ಟೆರೇಸಿನಲ್ಲಿ ಒಂದು ಪಾರಿವಾಳವೂ ಇಲ್ಲ ಈಗ. ಗಲೀಜು ಕಮ್ಮಿಯಾಗಿದೆ. ಆಲ್ ಓಕೆ.

ಡಿಸೆಂಬರ್ 27, ಶನಿವಾರ

ನಾಳೆ ಬರುತ್ತಾರೆ! ತೊಟ್ಟಿಲು ಒರೆಸಿಟ್ಟೆ. ಕಿಟಕಿಗಳನ್ನೆಲ್ಲ ಅಗಲ ತೆರೆದಿದ್ದೇನೆ, ಮನೆಗೆ ಒಳ್ಳೆಯ ಗಾಳಿ ಸೇರಲಿ. ನಮ್ಮದು ಬಿಟ್ಟರೆ ಯಾವ ಮನೆಯ ಕಿಟಕಿಯೂ ತೆರೆದಿಲ್ಲ. ಕ್ರಿಸ್‌ಮಸ್ ರಜೆಗೆ ಅರ್ಧ ಕಟ್ಟಡ ಊರಿಗೆ ಹೋಗಿದೆ, ಉಳಿದವರಿಗೆ ಚಳಿ.

ಸಂಜೆ ಶಂಕ್ರೆಪ್ಪ ಮೆಟ್ಟಿಲು ಹತ್ತಿ ಬಂದ. ಕಣ್ಣು ಕೆಂಪಾಗಿತ್ತು, ಕುಡಿದಿದ್ದಾನೋ ಅಂತ ಅನುಮಾನ. ನನ್ನೆದುರು ಯಾವತ್ತೂ ಕುಡಿದವನಲ್ಲ.

"ಸಾಹೇಬ್ರ, ಹಿಂದ ಟ್ಯಾಂಕರ್ ಬಂದು ನಿಂತದ್ರಿ. ಇವತ್ತೊಂದಿನ ಮ್ಯಾಲ ಟೆರೇಸ್ ಮ್ಯಾಲ ಮಕ್ಕೊಳ್ಳೇನ್ರಿ ನಾವಿಬ್ರೂ?"

"ಗೇಟು ಯಾರು ನೋಡುವುದು? ನಾಳೆ ನನ್ನ ಮೊಮ್ಮಗಳು ಬರುತ್ತಾಳೆ, ಬೆಳಿಗ್ಗೆ ನೀನೇ ಗೇಟು ತೆರೆದು ಸಾಮಾನು ಇಳಿಸಬೇಕು. ವಾಸನೆ ಏನಾದರೂ ಉಂಟಾ, ನಾನು ನೋಡಿ ಬರುತ್ತೇನೆ."

ಅವನ ಜೊತೆಗೇ ಇಳಿದು ಅವನ ಕೋಣೆಯ ಒಳಗೇ ಹೋಗಿ ಮೂಸಿದೆ. ಏನೆಂದರೆ ಏನೂ ಇಲ್ಲ. ಸತ್ಯಮ್ಮ ಸೆರಗು ಬಾಯಿಗೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಧೈರ್ಯ ಹೇಳಿದೆ. "ಹೆದರಬೇಡಮ್ಮ. ನಾನು ಇಲ್ಲವಾ?"

"ಹೂಂ ರೀ," ಅಂದ ಶಂಕ್ರೆಪ್ಪ.

ಯಾಕೋ ಆ ಮಾತು ಕೇಳಿ ಯಂಕಪ್ಪನ ನೆನಪಾಯಿತು. ಮೇಲೆ ಬಂದು ಆಲ್ ಓಕೆ ಹಾಕಿದೆ.

ಡಿಸೆಂಬರ್ 28, ಭಾನುವಾರ

ಬೇಗ ಎದ್ದು ಸ್ನಾನ ಮಾಡಿ ಕೂತಿದ್ದೇನೆ. ಟೆರೇಸಿಗೆ ಹೋಗಿ ಬಂದೆ. ಮಂಜು ನಾಲಾದ ಮೇಲಿಂದ ಎದ್ದು ಗೇಟಿನವರೆಗೂ ಹಾಸಿಕೊಂಡಿದೆ, ಹತ್ತಿಯ ಹಾಸಿಗೆಯ ಹಾಗೆ. ಗಾಳಿ ಎಷ್ಟು ಶುಭ್ರ! ಇಷ್ಟು ಶುಭ್ರವಾದ ಗಾಳಿ ಡೊಂಬಿವಲಿಯಲ್ಲಿ ನಾನು ಕಂಡೇ ಇಲ್ಲ. ಮೊಮ್ಮಗಳ ಕಾಲ್ಗುಣ. ಆಲ್ ಓಕೆ ಹಾಕಿ ಫೋನನ್ನು ಹಾಲ್‌ನಲ್ಲಿ ಚಾರ್ಜಿಗಿಟ್ಟೆ.

ಮ್ಹಾತ್ರೆ ಮನೆಯವರು ಬೆಳಿಗ್ಗೆಯೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಮೇಲಕ್ಕೆ ಓಡಿದ ಸದ್ದಾಯಿತು. ಬಾಗಿಲು ತೆರೆಯುವಷ್ಟರಲ್ಲಿ ದಾಟಿ ಹೋಗಿದ್ದರು. ನಮಸ್ಕಾರ ಹೇಳುವ ಪುರಸೊತ್ತೂ ಇಲ್ಲ ಜನಕ್ಕೆ.

ನಲ್ಲಿಯಲ್ಲಿ ನೀರಿಲ್ಲ. ಶಂಕ್ರೆಪ್ಪ ಪಂಪು ಹಾಕಿಲ್ಲ. ಇವತ್ತೇ ಹೀಗೆ ಮಾಡಬೇಕೆ? ಕಿಟಕಿಯಿಂದ ಬಗ್ಗಿ ಕರೆದೆ. ಕೋಣೆಯ ಬಾಗಿಲು ಮುಚ್ಚಿದೆ. ಮತ್ತೆ ಕರೆದೆ. ಸತ್ಯಮ್ಮನನ್ನೂ ಕರೆದೆ. ಉತ್ತರವಿಲ್ಲ.

ಬೈಯಲು ಬಾಯಿ ತೆರೆದವನು ನಿಂತೆ. ಎದುರಿನವನು ಸುಮ್ಮನಾದರೆ ಮೊದಲು ನಿನ್ನ ಸೆಟ್ ನೋಡು. ಅಷ್ಟು ಜನಕ್ಕೆ ಪಾಠ ಹೇಳಿದವನು ನಾನೇ ಮರೆಯಬಾರದು. ಗಂಟಲಿನಲ್ಲಿ ಕಫ ಉಂಟು, ಸ್ವರ ಕೆಳಗೆ ಮುಟ್ಟಿರಲಿಕ್ಕಿಲ್ಲ. ಬಿಸಿನೀರು ಕುಡಿದು ಗಂಟಲು ಸರಿ ಮಾಡಿಕೊಂಡು ಇನ್ನೊಮ್ಮೆ ಜೋರಾಗಿ ಕರೆದೆ. ಈಗ ನನ್ನ ಕಡೆಯಿಂದ ಎಲ್ಲ ಸರಿ ಇದೆ.

ಉತ್ತರವಿಲ್ಲ.

ಹಾಲ್‌ನಲ್ಲಿ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿದೆ. ಜಲಜಾಕ್ಷಿಯೇ ಇರಬೇಕು, ತಲುಪಿದೆವು ಅಂತ ಹೇಳಲು. ಹೌದು, ರಸ್ತೆಯ ತಿರುವಿನಲ್ಲಿ ರಿತೇಶನ ಗಾಡಿ ಕಾಣಿಸುತ್ತಿದೆ. ಅಲ್ಲೇ ನಿಲ್ಲಿಸಿಬಿಟ್ಟಿದ್ದಾನೆ, ಗೇಟಿನವರೆಗೆ ಬಂದಿಲ್ಲ. ಹಾರ್ನ್ ಬಿಡದೆ ಹೊಡೆಯುತ್ತಿದ್ದಾನೆ. ಉದ್ದಕ್ಕೆ, ಮತ್ತೆ ಉದ್ದಕ್ಕೆ. ಈಗಿನ ಹುಡುಗರಿಗೆ ತಾಳ್ಮೆಯೇ ಇಲ್ಲ. ಜಲಜಾಕ್ಷಿ ಗಾಡಿಯಿಂದ ಇಳಿದು ಎರಡೂ ಕೈ ಬೀಸುತ್ತಿದ್ದಾಳೆ. ಪಾಪ, ಇಷ್ಟು ದಿನದ ಮೇಲೆ ಮನೆ ಕಂಡ ಖುಷಿ.

ಗೇಟು ತೆರೆಯುವವರಿಲ್ಲ. ನಾನೇ ಇಳಿದು ಹೋಗಿ ತೆರೆದು, ಮಗುವನ್ನು ಎತ್ತಿಕೊಂಡು ಬರುತ್ತೇನೆ. ಹಾಗೆಯೇ ಶಂಕ್ರೆಪ್ಪನ ಬಾಗಿಲನ್ನೂ ತಟ್ಟಿ ಎಬ್ಬಿಸುತ್ತೇನೆ.